ಬೋರಲು ನಿಂತ ಬೆಳಕು

ಆಯುಧಪೂಜೆಗೆಂದು ದೇವರ ಗೂಡು ತೊಳೆಯುತ್ತಿದ್ದೆ. ಹುಣಸೆಹಣ್ಣಿನ ಹುಳಿ ವಾಸನೆಯ ನಡುವೆ ಹೆಬ್ಬೆರಳುದ್ದದ ಗಾಜಿನ ಸೀಸೆಯೊಂದು ಕೈಗೆ ಸಿಕ್ಕಿತು. ಒಳಗೆ ಕುಂಕುಮ. ಆದರೆ ಇದು ಕುಂಕುಮದ ಸೀಸೆಯಲ್ಲ. ಎದುರುಮನೆ ಸೊಸೆಯದು.

ಆಗ ನಾವು ಮಾಲೂರಿನಲ್ಲಿ, ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿದ್ದೆವು. ನಾನು ಹಸು ಕಟ್ಟಿಕೊಂಡು ಹಾಲು ಮೊಸರು ಮಾರುತ್ತಿದ್ದೆ. ಎದುರುಮನೆಯವರದು ಹಾರ್ಡ್‌ವೇರ್ ಅಂಗಡಿ. ಅವರ ಸೊಸೆ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವಳು. ಸಂಬಳಕ್ಕಲ್ಲ, ಓದಲಿಕ್ಕೆ. ಮದುವೆಯಾದ ಮೇಲೂ ಇದೇನು ಓದೋ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು.

ಒಂದು ಭಾನುವಾರ ಮೊಸರಿಗೆ ಬಂದವಳನ್ನು ಕೇಳಿಯೇಬಿಟ್ಟೆ. "ಅಲ್ಲಿ ಅದೇನೇ ಮಾಡ್ತೀಯ ದಿನಾ?"

"ನೀವು ಮಾಡೋದೇ ಅಮ್ಮಾ, ಹೆಪ್ಪುಗಟ್ಟಿಸ್ತೀನಿ," ಎಂದು ನಕ್ಕು ಮನೆಗೆ ಕರೆದೊಯ್ದಳು.

ಅವಳ ಕೋಣೆಯ ಗೂಡಿನಲ್ಲಿ ಇಂಥ ಸೀಸೆಗಳು ಸಾಲಾಗಿ ಬೋರಲು ನಿಂತಿದ್ದವು. ಒಳಗಿನದು ಒಂದು ತೊಟ್ಟೂ ಕೆಳಗೆ ಜಾರಿರಲಿಲ್ಲ. ಕಿಟಕಿ ಮುಚ್ಚಿ, ಅಂಗಡಿಯಲ್ಲಿ ಕಳ್ಳನೋಟು ಪತ್ತೆ ಮಾಡುವ ನೇರಳೆ ದೀಪ ಹಾಕಿದಳು. ಅಷ್ಟೂ ಸೀಸೆ ಬಾಳೆಸುಳಿಯ ಹಸಿರಿನಲ್ಲಿ ಬೆಳಗಿದವು. ಬೇರೆಯಾಗಿಟ್ಟಿದ್ದ ಒಂದನ್ನು ಬಿಸಿನೀರಿಗೆ ಇಳಿಸಿದಳು. ಕರಗಿ ನೀರಾಯಿತು, ಬೆಳಕೂ ಹೋಯಿತು. ಆರಿದ ಮೇಲೆ ಮತ್ತೆ ಗಟ್ಟಿಯಾಯಿತು, ಮತ್ತೆ ಬೆಳಗಿತು.

"ಗೋಂದು ಹಾಕಿದೀಯೇನೇ?"

"ಇಲ್ಲಮ್ಮಾ. ಕಣ್ಣಿಗೆ ಕಾಣದ ಚೂರುಗಳು ತಾವೇ ಒಂದರ ಕೈ ಒಂದು ಹಿಡ್ಕೊಂಡು ನೂಲಾಗ್ತವೆ. ಆ ಬಲೇಲಿ ನೀರು ಸಿಕ್ಕಿ ನಿಂತ್ಬಿಡುತ್ತೆ. ಸೇರಿದ್ರೆ ಬೆಳಕು, ಬಿಡಿಬಿಡಿಯಾದ್ರೆ ಕತ್ಲೆ."

ಈ ಹೆಪ್ಪು ಕಾಲೇಜಿನ ಲ್ಯಾಬಿನ ತಂಪಿನಲ್ಲಿ ನಿಂತರೆ ಸಾಲದಂತೆ. ಮನೆಯ ಸೆಖೆ, ಚಳಿ ತಿಂದು ವರ್ಷ ತುಂಬ ನಿಲ್ಲಬೇಕಂತೆ. ಹೋದ ದೀಪಾವಳಿಗೆ ಬೋರಲು ಹಾಕಿದ್ದಳು. ಈ ದೀಪಾವಳಿಗೆ ತೋರಿಸಿದರೆ ಅವಳ ಮೇಷ್ಟ್ರು ಡಾಕ್ಟರೇಟಿಗೆ ಬರೆಯಲು ಬಿಡುತ್ತಿದ್ದರು. ಅದರ ಮುಂದಿನ ಯುಗಾದಿ ಕಳೆದರೆ ರೈಲು ಹತ್ತುವ ಹಾಗಿಲ್ಲ ಎಂದು ಗಂಡ ಮೊದಲೇ ಹೇಳಿಬಿಟ್ಟಿದ್ದ.

ಅತ್ತೆ ಮುಳಬಾಗಿಲ ಕಡೆಯವಳು, ಮಾತಿನಲ್ಲಿ ಅರ್ಧ ತೆಲುಗು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು… ಆ ವರ್ಷದ ಆಯುಧಪೂಜೆಗೆ ಮಗನ ತಕ್ಕಡಿ, ಸುತ್ತಿಗೆ, ಸ್ಕೂಟರು ಎಲ್ಲ ತೊಳೆದಳು. ಸೊಸೆಯ ಆಯುಧ ಮಾತ್ರ ಯಾಕೆ ಬಿಡಬೇಕು ಎನ್ನಿಸಿತಂತೆ. ಸೊಸೆ ಹೂವಿಗೆ ಹೋಗಿದ್ದಳು. ಅತ್ತೆ ಸೀಸೆಗಳ ಒಳಗೆ ಕಡ್ಡಿ ಹಾಕಿ ಕೆದಕಿ, ಹುಣಸೆಹಣ್ಣು ಹಾಕಿ ಉಜ್ಜಿ, ಬೊಟ್ಟಿಟ್ಟು, ದೇವರ ಮುಂದೆ ನೆಟ್ಟಗೆ ನಿಲ್ಲಿಸಿದಳು. ನಾನು ಪೂಜೆಗೆ ಹಾಲು ಕೊಡಲು ಹೋದಾಗಲೇ ಸೊಸೆಯೂ ಬಂದಳು.

"ಚೂಡಮ್ಮಾ, ನೋಡು, ನಿನ್ ಸಾಮಾನು ಹೆಂಗೆ ಫಳಫಳ ಅಂತೈತೆ! ಒಳಗೆಲ್ಲ ಎಂಥದೋ ಲೋಳೆ ಕಟ್ಟಿತ್ತು," ಎಂದಳು ಅತ್ತೆ.

ಸೊಸೆ ಅಳಲಿಲ್ಲ. ಹೂವಿನ ಚೀಲ ಹಿಡಿದುಕೊಂಡೇ ಸೀಸೆಗಳ ಮುಂದೆ ಕುಳಿತಳು.

"ಎರಡು ಗಂಟೆ ಕೆಲ್ಸ ಅಂತ ನೀನೇ ಹೇಳ್ತಿದ್ದೆ. ಮತ್ತೆ ಮಾಡ್ಕೋ," ಎಂದ ಗಂಡ.

"ಮಾಡೋಕೆ ಎರಡು ಗಂಟೆ ಸಾಕು ರೀ. ನಿಂತಿದ್ದ ವರ್ಷಾನ ಎಲ್ಲಿಂದ ತರ್ಲಿ? ಇನ್ನೊಂದು ವರ್ಷ ಕೊಡಿ."

"ಯುಗಾದಿ ಅಂದ್ರೆ ಯುಗಾದಿ," ಎಂದು ಅವನು ಕರ್ಪೂರ ಹಚ್ಚಿದ.

ಯುಗಾದಿಯಾಯಿತು. ರೈಲು ಅವಳಿಲ್ಲದೆ ಹೋಯಿತು. ಚೆಂದದ ಸೀಸೆ ಸುಮ್ಮನೆ ಯಾಕಿರಬೇಕು ಎಂದು ಅತ್ತೆ ಕುಂಕುಮ ತುಂಬಿಸಿ ಬೀದಿಯ ಹೆಂಗಸರಿಗೆಲ್ಲ ಹಂಚಿಸಿದಳು. ತಟ್ಟೆ ಹಿಡಿದು ಮನೆಮನೆಗೆ ಬಂದವಳು ಸೊಸೆಯೇ. ನನ್ನ ಕೈಗೆ ಇದನ್ನು ಕೊಡುವಾಗ ಮುಖ ನೋಡಲಿಲ್ಲ…

ಎಷ್ಟೋ ವರ್ಷದ ಮೇಲೆ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಮೈ ಇಳಿದಿತ್ತು. "ನಿನ್ ಹೆಪ್ಪು ಏನಾಯ್ತೇ?" ಎಂದೆ.

"ಯಾವ ಹೆಪ್ಪು ಅಮ್ಮಾ?" ಎಂದಳು. ಮರೆತು ಆಡಿದ ಮಾತಲ್ಲ ಅದು. ಬಸ್ಸು ಬಂತು, ಹತ್ತಿ ಹೋದಳು. ಮತ್ತೆ ಕಾಣಲಿಲ್ಲ.

ಇವತ್ತು ಮುಚ್ಚಳ ತೆಗೆದು ಸೀಸೆಯನ್ನು ಬೋರಲು ಹಿಡಿದೆ. ಕುಂಕುಮವೆಲ್ಲ ನೆಲಕ್ಕೆ ಸುರಿಯಿತು. ಒಂದು ಚಿಟಿಕೆಯೂ ನಿಲ್ಲಲಿಲ್ಲ.

"ಅಯ್ಯೋ ಅಜ್ಜೀ, ಕುಂಕುಮ ಚೆಲ್ಲಬಾರ್ದು, ಅಪಶಕುನ!" ಎಂದು ಮೊಮ್ಮಗಳು ಕೂಗಿಕೊಂಡಳು.

"ಆಗೋದು ಆವತ್ತೇ ಆಯ್ತು ಕಣೇ. ಪೊರಕೆ ತಗೊಂಬಾ," ಎಂದೆ.