ಹತ್ತನೇ ತಾರೀಖಿನ ಟಿಕೆಟ್ಟು

ಇನೊಕುಮಾ ತೊಕಿಯೆಗೆ ಜನರ ಮೇಲಿದ್ದ ತಾತ್ಸಾರ ಹುಟ್ಟಿನಿಂದ ಬಂದದ್ದಲ್ಲ, ದುಡಿದು ಸಂಪಾದಿಸಿದ್ದು. ಇಪ್ಪತ್ತಾರು ವರ್ಷ ಒಂದೇ ಗಲ್ಲಾದ ಹಿಂದೆ ನಿಂತು, ದಿನಕ್ಕೆ ನಾನೂರು ಸಲ ಸೊಂಟ ಬಗ್ಗಿಸಿ "ಬನ್ನಿ, ಬನ್ನಿ" ಅಂದವಳು. ಮನುಷ್ಯರ ಮುಖಕ್ಕಿಂತ ಅವರ ಚಪ್ಪಲಿ, ಬೂಟುಗಳೇ ಅವಳಿಗೆ ಹೆಚ್ಚು ಪರಿಚಯ. ಬಗ್ಗಿದವರ ಕಣ್ಣಿಗೆ ಬೀಳುವುದು ಅವೇ ತಾನೆ.

ಮುಂಚೆ ಆ ಜಾಗದಲ್ಲಿ ಅವಳ ಮಾವನ ಹೆಂಡದಂಗಡಿ ಇತ್ತು. ಅಕ್ಕಿಯ ಹೆಂಡ, ಸೋಯಾ ಸಾರು, ಉಪ್ಪು. ಅರಾಕಾವಾ ನದಿಯ ಆಚೆ ದಂಡೆಯ ಕೆಳಪೇಟೆ ಅದು. ಮೊಳೆ ಮಾಡುವವರು, ಕೊಡೆಕಡ್ಡಿ ಮಾಡುವವರು, ತಗಡು ಬಡಿಯುವವರು ಸಂಜೆಗೆ ಬಂದು ನಿಂತಲ್ಲೇ ಒಂದು ಲೋಟ ಏರಿಸಿ ಹೋಗುತ್ತಿದ್ದರು. ಆಮೇಲೆ ಟೈ ಕಟ್ಟಿದ ಇಬ್ಬರು ಬಂದರು. "ಹಗಲು ರಾತ್ರಿ ತೆರೆದಿಡಿ, ಫಲಕ ನಮ್ಮದು ಹಾಕಿ, ಬದುಕು ಬಂಗಾರವಾಗುತ್ತದೆ" ಅಂದರು. ಮಾವ ಕರಾರಿಗೆ ಮುದ್ರೆ ಒತ್ತಿದ. ತೊಕಿಯೆಯ ಗಂಡ ಹದಿನೈದು ವರ್ಷ ನಿದ್ದೆಗೆಟ್ಟು ಐವತ್ತೆರಡಕ್ಕೆ ಸತ್ತ. ಫಲಕದವರು ಬೇರೊಬ್ಬನನ್ನು ಮಾಲೀಕನನ್ನಾಗಿ ಮಾಡಿದರು. ತೊಕಿಯೆಗೆ ಉಳಿದದ್ದು ಎದೆಯ ಮೇಲೊಂದು ಹೆಸರಿನ ಬಿಲ್ಲೆ, ಗಂಟೆಗಿಷ್ಟು ಅನ್ನುವ ಕೂಲಿ. ತಾನು ಮದುವೆಯಾಗಿ ಕಾಲಿಟ್ಟ ಹೊಸ್ತಿಲಲ್ಲೇ ನಿಂತು, ದಾರಿಹೋಕರಿಗೆಲ್ಲ ಬಗ್ಗಬೇಕಾಗಿ ಬಂದ ಹೆಂಗಸು ಲೋಕವನ್ನು ಹೂವಿನ ಹಾಗೆ ನೋಡಬೇಕು ಅಂದರೆ ಹೇಗೆ?

ಹಾಗಂತ ಅವಳ ಬಾಯಲ್ಲಿ ಒಂದು ಬಿರುಮಾತು ಬಂದದ್ದಿಲ್ಲ. ತಾತ್ಸಾರವೆಲ್ಲ ಒಳಗೆ, ಉಪ್ಪಿನಕಾಯಿ ಹಾಕಿದ ಹಾಗೆ, ಕಲ್ಲು ಹೇರಿ ಇಟ್ಟಿದ್ದಳು.

ಅದಕ್ಕೆ ಹುಳಿ ಹಿಂಡಿದ್ದು ಬೊಂಬೆಮನೆ. ಅಂಗಡಿಯಿಂದ ಇನ್ನೂರು ಹೆಜ್ಜೆಗೆ ಹಳೆಯ ತಗಡಿನ ಬೊಂಬೆ ಕಾರ್ಖಾನೆ. ಕೀಲಿ ಕೊಟ್ಟರೆ ಡೋಲು ಬಡಿಯುವ ಕೋತಿ, ಕಾಳು ಕುಕ್ಕುವ ಕೋಳಿ, ಅಂಥವು ಅಲ್ಲಿ ತಯಾರಾಗಿ ಹಡಗು ಹತ್ತುತ್ತಿದ್ದವು. ಪ್ಲಾಸ್ಟಿಕ್ ಬಂದು ಕಾರ್ಖಾನೆ ಮುಚ್ಚಿತು. ಮೂವತ್ತಕ್ಕೂ ಹೆಚ್ಚು ವರ್ಷ ಪಾರಿವಾಳಗಳು ಹಿಕ್ಕೆ ಹಾಕಿಕೊಂಡಿದ್ದವು. ಏಳು ವರ್ಷದ ಕೆಳಗೆ ಯಾರೋ ಪುಣ್ಯಾತ್ಮರು ಅದನ್ನು ತೊಳೆದು ಬಳಿದು ವಸ್ತುಸಂಗ್ರಹಾಲಯ ಮಾಡಿದರು. ಅವತ್ತಿನಿಂದ ಲೋಕಕ್ಕೆಲ್ಲ ತಗಡಿನ ಹುಚ್ಚು. ಬಾಗಿಲಲ್ಲಿ ಟಿಕೆಟ್ಟು ಮಾರುವುದಿಲ್ಲ. ಪ್ರತಿ ತಿಂಗಳ ಹತ್ತನೇ ತಾರೀಖು, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ಮುಂದಿನ ತಿಂಗಳಿನ ಟಿಕೆಟ್ಟು ಬಿಡುತ್ತಾರೆ; ತೊಕಿಯೆಯ ಅಂಗಡಿಯಂಥ ಅಂಗಡಿಗಳಲ್ಲಿ ನಿಲ್ಲಿಸಿದ ಯಂತ್ರದ ಮುಂದೆ ನಿಂತು ದಿನ, ಹೊತ್ತು, ಹೆಸರು ಒತ್ತಬೇಕು. ಜಾಗ ಇದ್ದರೆ ದಿನದ ಪಕ್ಕ ಸೊನ್ನೆ, ಇಲ್ಲದಿದ್ದರೆ ಕತ್ತರಿ ಗುರುತು. ಕಾಲುಗಂಟೆಯೊಳಗೆ ತಿಂಗಳೆಲ್ಲ ಕತ್ತರಿ.

ಟಿಕೆಟ್ಟಿಲ್ಲದೆ ಬಂದವರು ಬೊಂಬೆಮನೆಯ ಬಾಗಿಲಿಂದ ವಾಪಸಾಗಿ ನೇರ ಅಂಗಡಿಗೆ ಬರುತ್ತಿದ್ದರು. "ಹನ್ನೆರಡು ತಾಸು ವಿಮಾನದಲ್ಲಿ ಕೂತು ಬಂದಿದೀವಿ, ಒಂದೇ ಒಂದು ಇಲ್ವಾ?" ತೊಕಿಯೆ ಬಗ್ಗುವಳು. ಹನ್ನೆರಡು ತಾಸು ಸುಮ್ಮನೆ ಕೂತಿದ್ದವರು ಅದರಲ್ಲಿ ಒಂದು ನಿಮಿಷ ನಿಯಮ ಓದಬಾರದಿತ್ತೆ ಅಂತ ಒಳಗೆ ಅಂದುಕೊಳ್ಳುವಳು. ಅವಳು ಮಾತ್ರ ಒಂದು ದಿನವೂ ಬೊಂಬೆಮನೆಗೆ ಹೋಗಲಿಲ್ಲ. ಡೋಲು ಬಡಿಯುವ ಕೋತಿಗಳು ಗಲ್ಲಾದ ಮುಂದೆ ದಿನಾ ಬರುತ್ತವೆ, ದುಡ್ಡು ಕೊಟ್ಟು ನೋಡಬೇಕೆ?

ಆ ಬೀದಿಯಲ್ಲಿ ಬೊಂಬೆಮನೆ ನೋಡುವ ಹಕ್ಕಿದ್ದವಳು ಒಬ್ಬಳೇ, ಫುಸಾ ಅಜ್ಜಿ. ಎಂಬತ್ತಾರು ವರ್ಷ, ಒಣ ಮೂಲಂಗಿಯಂಥ ಮೈ. ಹದಿನೈದನೇ ವಯಸ್ಸಿಗೆ ಕಾರ್ಖಾನೆ ಸೇರಿ ಮೂವತ್ತು ವರ್ಷ ತಗಡಿನ ಬೊಂಬೆಗಳಿಗೆ ಕಣ್ಣು ಬರೆದವಳು. ಆದರೆ ಏಳು ವರ್ಷದಲ್ಲಿ ಒಮ್ಮೆಯೂ ಒಳಗೆ ಹೋಗಿರಲಿಲ್ಲ. "ದೂರದಿಂದ ಬಂದೋರು ಮೊದ್ಲು ನೋಡ್ಲಿ, ನಾನೆಲ್ಲಿ ಓಡಿಹೋಗ್ತೀನಿ" ಅನ್ನುವಳು. ಈಗ ಓಡಿಹೋಗುವ ಕಾಲ ಬಂದಿತ್ತು. ದೂರದ ಅಕಿತಾದಲ್ಲಿದ್ದ ಮಗಳು ಮನೆ ಕಟ್ಟಿಸಿ ಅಮ್ಮನಿಗೊಂದು ಕೋಣೆ ಹಾಕಿಸಿದ್ದಳು. ಮುಂದಿನ ತಿಂಗಳು ಇಪ್ಪತ್ತೆಂಟಕ್ಕೆ ಸಾಮಾನಿನ ಲಾರಿ ಬರುತ್ತದೆ. ಹೋದರೆ ಮತ್ತೆ ಈ ಕಡೆ ಬರುವ ಕಾಲು ಅವಲ್ಲ. ಅಂದರೆ ಈ ಹತ್ತನೇ ತಾರೀಖೇ ಕೊನೆಯದು.

ಅವತ್ತು ಬೆಳಿಗ್ಗೆ ಏಳಕ್ಕೇ ಅಜ್ಜಿ ಬಂದು ಯಂತ್ರದ ಮುಂದೆ ಮೊದಲನೆಯವಳಾಗಿ ನಿಂತಳು. ಹತ್ತು ಹೊಡೆಯಿತು. ಹಿಂದೆ ಮಗು ಎತ್ತಿಕೊಂಡ ಒಬ್ಬಳು. "ಕೂಸು ಅಳ್ತಿದೆ, ನೀನು ಮೊದ್ಲು ಮಾಡ್ಕೊಮ್ಮ" ಅಂದಳು ಅಜ್ಜಿ. ಅವಳ ಹಿಂದೆ ಚಿಬಾದಿಂದ ರೈಲು ಹಿಡಿದು ಬಂದ ಗಂಡಸು. "ಅಷ್ಟು ದೂರದಿಂದಾ? ನೀವು ಮುಗಿಸ್ಕೊಳ್ಳಿ." ನಾಲ್ಕು ಹೆಜ್ಜೆ ಆಚೆ ಗಲ್ಲಾದಲ್ಲಿದ್ದ ತೊಕಿಯೆ ಹಲ್ಲು ಕಚ್ಚಿದಳು. ಒಳ್ಳೆಯತನಕ್ಕೂ ಒಂದು ಲಂಗು ಲಗಾಮು ಬೇಡವೆ?

ಮೂರನೆಯವರು ಕುಬೊಕಿ ಸಾಹೇಬರು. ಯಾವುದೋ ದೊಡ್ಡ ವಿಮೆ ಕಂಪನಿಯಲ್ಲಿ ವಿಭಾಗದ ಮುಖ್ಯಸ್ಥರಾಗಿ ನಿವೃತ್ತರಾಗಿ ಒಂಬತ್ತು ವರ್ಷ. ಆದರೂ ಜೇಬಿನಲ್ಲಿ ಹೆಸರಿನ ಕಾರ್ಡು; ಅದರ ಮೇಲೆ "ಮಾಜಿ" ಅನ್ನುವ ಅಕ್ಷರ ಇರುವೆ ಕಾಲಿನಷ್ಟು, "ಮುಖ್ಯಸ್ಥ" ಅನ್ನುವುದು ಆನೆ ಕಾಲಿನಷ್ಟು. ಕಸದ ಚೀಲ ಇಡಲು ಹೋದರೂ ಕೋಟು. ಬೀದಿಯವರೂ ಸಾಹೇಬ್ರೇ, ಸಾಹೇಬ್ರೇ ಅಂದು ಆ ಬಲೂನಿಗೆ ಗಾಳಿ ತುಂಬುತ್ತಿದ್ದರು.

"ನೀವು ಮಾಡಿ ಸಾಹೇಬ್ರೇ," ಅಂದಳು ಅಜ್ಜಿ.

"ಛೆ ಛೆ, ಹಿರಿಯರು ನೀವು. ನೀವು ಮೊದಲು."

"ನನ್ನಂಥೋಳು ನಿಮಗಿಂತ ಮೊದ್ಲಾ? ಅದೆಲ್ಲಾದ್ರೂ ಉಂಟೇ."

"ಇಲ್ಲ, ಇಲ್ಲ, ದಯವಿಟ್ಟು."

ಇಬ್ಬರೂ ಬಗ್ಗಿದರು. ಎದ್ದರು. ಮತ್ತೆ ಬಗ್ಗಿದರು. ಗೋಡೆಯ ಗಡಿಯಾರ ಹತ್ತೂ ಏಳು ತೋರಿಸುತ್ತಿತ್ತು. ಮೂರನೇ ಸಲ ಅಜ್ಜಿ "ದಯವಿಟ್ಟು" ಅಂದಾಗ ಸಾಹೇಬರು, ನಮ್ಮವರ ಕ್ರಮ ಹೇಗೋ ಹಾಗೆ, "ಹಾಗಾದರೆ ನಿಮ್ಮ ಮಾತು ಮೀರಬಾರದು" ಅಂದು ಮುಂದೆ ಬಂದರು. ಇಪ್ಪತ್ನಾಲ್ಕನೇ ತಾರೀಖು, ಮಧ್ಯಾಹ್ನ ಎರಡು, ನಾಲ್ಕು ಜನ. ಯಂತ್ರ ಚೀಟಿ ಉಗುಳಿತು. ಅಜ್ಜಿ ಹೋಗಿ ನಿಂತಾಗ ತಿಂಗಳ ಮೊದಲ ದಿನದಿಂದ ಕೊನೆಯ ದಿನದವರೆಗೆ ಕತ್ತರಿ.

ಅವಳು ಆ ಕತ್ತರಿಗಳಿಗೂ ಒಂದು ಸಲ ತಲೆ ಬಗ್ಗಿಸಿದಳು. ತೊಕಿಯೆಗೆ ಸಿಟ್ಟು ಬಂತು. ಸಾಹೇಬನ ಮೇಲೆ ಎಷ್ಟೋ, ಅಜ್ಜಿಯ ಮೇಲೂ ಅಷ್ಟೇ.

ಯಂತ್ರದ ಚೀಟಿ ಟಿಕೆಟ್ಟಲ್ಲ. ಅದನ್ನು ಅರ್ಧ ಗಂಟೆಯೊಳಗೆ ಗಲ್ಲಾಕ್ಕೆ ತಂದು ದುಡ್ಡು ಕಟ್ಟಬೇಕು. ಕಟ್ಟದಿದ್ದರೆ ಜಾಗ ತಿರುಗಿ ಎಲ್ಲರ ಪಾಲಿಗೆ ಬಿಡುಗಡೆ. ಸಾಹೇಬರು ಚೀಟಿ ಹಿಡಿದು ಗಲ್ಲಾಕ್ಕೆ ಬರದೆ, ಕಾಫಿ ತೆಗೆದುಕೊಂಡು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು.

ತೊಕಿಯೆ ತನ್ನ ಕರ್ತವ್ಯ ಬಿಡಲಿಲ್ಲ. "ಸಾಹೇಬ್ರೇ, ಅರ್ಧ ಗಂಟೆ ಒಳಗೆ ದುಡ್ಡು ಕಟ್ಟಿಬಿಡಬೇಕಾಗತ್ತೆ, ತಪ್ಪು ತಿಳ್ಕೋಬೇಡಿ," ಅಂದಳು.

ಸಾಹೇಬರು ಕೈ ಬೀಸಿದರು. "ಮೂವತ್ತೆಂಟು ವರ್ಷ ಗಡುವುಗಳನ್ನ ಆಡಿಸಿದವನು ನಾನು, ಇನೊಕುಮಾ-ಸಾನ್. ನನಗೆ ಗಡಿಯಾರ ಕಲಿಸ್ತೀರಾ? ಮೊದಲು ಸಂಬಂಧಪಟ್ಟವರ ಒಪ್ಪಿಗೆ ಆಗಬೇಕು. ಆಮೇಲೆ ಪಾವತಿ."

"ಹಾಗೇ ಆಗ್ಲಿ," ಅಂದು ತೊಕಿಯೆ ಬಗ್ಗಿದಳು. ಎರಡನೇ ಸಲ ಹೇಳಬೇಕು ಅನ್ನುವ ನಿಯಮ ಎಲ್ಲೂ ಇರಲಿಲ್ಲ.

ಸಂಬಂಧಪಟ್ಟವರು ಮೂವರು, ಅವರ ಹಳೆಯ ಕಚೇರಿಯವರು. ಮೊದಲನೆಯವರು ಮಾಜಿ ನಿರ್ದೇಶಕ ಓದಾಯಿರಾ. ಸಾಹೇಬರು ಕರೆ ಮಾಡಿದರು, ಅತ್ತ ಎತ್ತಲಿಲ್ಲ. ದಾಖಲಾಗುವ ಸಂದೇಶಕ್ಕೇ ಕುರ್ಚಿಯಿಂದ ಎದ್ದು ಬಗ್ಗಿ, "ತಮ್ಮ ಅಮೂಲ್ಯ ಸಮಯಕ್ಕೆ ಅಡ್ಡಿ, ಇಪ್ಪತ್ನಾಲ್ಕು ತಮಗೆ ಅನುಕೂಲವೇ" ಅಂದರು. ಕೂತರು. ಉಳಿದಿಬ್ಬರಿಗೆ ಕರೆ ಮಾಡಬಹುದಿತ್ತು. ಹೇಗೆ ಮಾಡುತ್ತಾರೆ? ನಿರ್ದೇಶಕರಿಗೆ ಗೊತ್ತಾಗುವ ಮುಂಚೆ ಕೆಳಗಿನವರಿಗೆ ಗೊತ್ತಾದರೆ ಆಕಾಶ ಕಳಚಿ ಬೀಳುವುದಿಲ್ಲವೆ? ಐದು ನಿಮಿಷ ಬಿಟ್ಟು ಮತ್ತೆ ಕರೆ, ಮತ್ತೆ ಎದ್ದು ಬಗ್ಗಿದರು. ಕಂಪನಿ ಬಿಟ್ಟು ಒಂಬತ್ತು ವರ್ಷವಾಗಿತ್ತು. ಕಂಪನಿ ಇವರನ್ನು ಮರೆತು ಒಂಬತ್ತು ವರ್ಷಕ್ಕೂ ಹೆಚ್ಚೇ ಆಗಿದ್ದೀತು. ಬೆನ್ನುಮೂಳೆಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಅಜ್ಜಿ ಹೊರಡಲು ಕೊಡೆ ತೆಗೆದುಕೊಂಡಳು.

"ಫುಸಾ ಅಜ್ಜಿ, ಹೋಗ್ಬೇಡಿ. ಬಿಸಿ ಚಹಾ ಕುಡೀರಿ," ಅಂದಳು ತೊಕಿಯೆ.

"ಅಂಗಡಿಗೆ ತೊಂದ್ರೆ ಯಾಕಮ್ಮ."

"ತೊಂದ್ರೆ ಕೊಡೋರು ಯಾರು ಅಂತ ನಂಗೆ ಗೊತ್ತು. ನೀವು ಯಂತ್ರದ ಹತ್ರಾನೇ ನಿಂತಿರಿ. ಪತ್ರಿಕೆ ನೋಡೋ ಹಾಗೆ ನಿಲ್ಲಿ."

ಅಜ್ಜಿ ನಿಂತಳು; ಹೇಳಿದ್ದನ್ನು ಕೇಳುವುದು ಅವಳಿಗೆ ರೂಢಿ. ಹತ್ತೂ ಇಪ್ಪತ್ತು. ಹತ್ತೂ ಮೂವತ್ತು. ಸಾಹೇಬರು ಮೂರನೇ ಸಲ ಎದ್ದು ಬಗ್ಗಿದರು. ತೊಕಿಯೆ ಹಬೆಯಲ್ಲಿದ್ದ ಹೂರಣದ ಕಡುಬುಗಳನ್ನು ಒಂದೊಂದಾಗಿ ತಿರುಗಿಸಿ ಇಡುತ್ತ ಗಡಿಯಾರ ನೋಡುತ್ತಿದ್ದಳು. ದೇಶದಲ್ಲಿ ಇಂಥ ಯಂತ್ರ ಎಷ್ಟೋ ಸಾವಿರ. ಎಲ್ಲೆಲ್ಲಿ ಯಾರ ಬೆರಳು ಕಾಯುತ್ತಿದೆಯೋ. ಹತ್ತೂ ಮೂವತ್ತೇಳು ದಾಟಿತು.

"ಅಜ್ಜಿ, ಇಪ್ಪತ್ನಾಲ್ಕು ಒತ್ತಿ ನೋಡಿ."

ಕತ್ತರಿ ಹೋಗಿ ಸೊನ್ನೆ ಬಂದಿತ್ತು. ಅಜ್ಜಿ ಅದನ್ನು ನೋಡಿದಳು. ಕಿಟಕಿಯ ಕಡೆ ನೋಡಿದಳು. ಎತ್ತಿದ ಬೆರಳು ಇಳಿಯಿತು.

"ಇದು ಸಾಹೇಬ್ರದ್ದಲ್ವಾ? ಒಂದು ಮಾತು ಅವ್ರಿಗೆ ಹೇಳಿ..."

ತೊಕಿಯೆಯ ಉಪ್ಪಿನಕಾಯಿ ಜಾಡಿಯ ಕಲ್ಲು ಅವತ್ತು ಉರುಳಿತು. ಆದರೂ ದನಿ ಏರಲಿಲ್ಲ, ಇನ್ನೂ ಇಳಿಯಿತು. "ಏಳು ವರ್ಷ ದಾರಿ ಬಿಟ್ಟಿದ್ದು ಸಾಲ್ದಾ ಅಜ್ಜಿ? ಕೂಸಿಗೆ ಬಿಟ್ರಿ, ಚಿಬಾಕ್ಕೆ ಬಿಟ್ರಿ, ಕೋಟು ಹಾಕ್ದೋರಿಗೂ ಬಿಟ್ರಿ. ಮೂವತ್ತು ವರ್ಷ ಅಲ್ಲಿ ಕಣ್ಣು ಬರೆದೋರು ಆ ಕೋಟಿನೋರಾ, ನೀವಾ? ಸತ್ಮೇಲೆ ಯಮನ ಸಾಲಲ್ಲೂ ನೀವು ಮೊದ್ಲು ಅಂತೀರಾ? ಒತ್ರಿ."

ಅಜ್ಜಿಯ ಕಿವಿ ಕೆಂಪಾಯಿತು. ಐವತ್ತು ವರ್ಷದಲ್ಲಿ ಯಾರೂ ಅವಳೊಡನೆ ಹೀಗೆ ಮಾತಾಡಿರಲಿಲ್ಲ. ಅವಳು ಒತ್ತಿದಳು. ಒಬ್ಬರು. ಹೆಸರು, ಶಿಮೊಯಾಮಾ ಫುಸಾ. ತೊಕಿಯೆ ಚೀಟಿ ಕಸಿದುಕೊಂಡ ಹಾಗೆ ತೆಗೆದುಕೊಂಡು, ದುಡ್ಡು ಎಣಿಸದೆ ಡಬ್ಬಿಗೆ ಹಾಕಿ, ಟಿಕೆಟ್ಟು ಕೈಗಿಟ್ಟಳು.

ಸಾಹೇಬರ ಫೋನು ಗುಣುಗುಟ್ಟಿದ್ದು ಆಗಲೇ. ನಿರ್ದೇಶಕರು ಹಲ್ಲಿನ ವೈದ್ಯರಲ್ಲಿದ್ದರಂತೆ. ಇಪ್ಪತ್ನಾಲ್ಕು ಆದೀತು ಅಂದರು. ಸಾಹೇಬರು ಮಿಕ್ಕಿಬ್ಬರನ್ನೂ ಕ್ರಮವಾಗಿ ಒಪ್ಪಿಸಿ ಗೆದ್ದ ಕುಸ್ತಿಪಟುವಿನ ಹಾಗೆ ಗಲ್ಲಾಕ್ಕೆ ಬಂದರು. ಗಲ್ಲಾ ಚೀಟಿಯನ್ನು ಎರಡು ಸಲ ಒಲ್ಲೆ ಅಂದಿತು.

"ಇದೇನು?"

"ಅರ್ಧ ಗಂಟೆ ಕಳೀತು ಸಾಹೇಬ್ರೇ. ಹೇಳ್ಕೊಳ್ಳೋಕೆ ಮುಖ ಇಲ್ಲ," ಅಂದು ತೊಕಿಯೆ ಬಗ್ಗಿದಳು. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಆಳವಾಗಿ ಬಗ್ಗಿರಲಿಲ್ಲ. ಬೂಟು ಹೊಳೆಯುತ್ತಿತ್ತು, ಒಂದರ ಹಿಮ್ಮಡಿ ಸವೆದಿತ್ತು. "ಯಂತ್ರದಲ್ಲಿ ಇನ್ನೂ ಮೂರು ಇರಬಹುದು, ನೋಡಿ."

ಮೂರು ಇದ್ದವು. ಸಾಹೇಬರ ಬೆರಳು ಮೂರರ ಮೇಲೆ ಹೋಗಿ ನಿಂತಿತು. ಜನ ನಾಲ್ಕು. ಯಾರನ್ನು ಬಿಡುವುದು? ನಿರ್ದೇಶಕರನ್ನು ಬಿಡುವ ಮಾತಿಲ್ಲ. ಕಿರಿಯವನನ್ನು ಬಿಡೋಣವೆಂದರೆ ಈಗಷ್ಟೇ ಒಪ್ಪಿಗೆ ಪಡೆದದ್ದು. ತಾನೇ ಹಿಂದೆ ಸರಿಯುವುದು ಅನ್ನುವ ದಾರಿಯೊಂದಿತ್ತು. ಅದು ಅವರ ತಲೆಗೆ ಹೊಳೆದ ಲಕ್ಷಣ ಮುಖದಲ್ಲಿ ಕಾಣಲಿಲ್ಲ. "ಒಂದು ಮಾತು ಕೇಳಬೇಕು," ಅಂದು ಮತ್ತೆ ಫೋನು ಎತ್ತಿ ನಿಂತಲ್ಲೇ ಬಗ್ಗಿದರು. ತಲೆ ಎತ್ತುವಷ್ಟರಲ್ಲಿ ಕತ್ತರಿ. ಎಲ್ಲೋ ಯಾವುದೋ ಊರಿನಲ್ಲಿ, ಯಾರನ್ನೂ ಕೇಳದ ಒಬ್ಬ ಪುಣ್ಯವಂತ ಮೂರನ್ನೂ ಒತ್ತಿದ್ದ.

ಮುಂದಿನ ತಿಂಗಳ ಇಪ್ಪತ್ನಾಲ್ಕರ ಸಂಜೆ ಅಜ್ಜಿ ಕೆಂಪವರೆ ಸಿಹಿಯ ಪೊಟ್ಟಣ ಹಿಡಿದು ಅಂಗಡಿಗೆ ಬಂದಳು.

"ಹೇಗಿತ್ತಜ್ಜಿ?"

"ನೆಲ ಚೆನ್ನಾಗಿ ಒರೆಸಿದಾರೆ."

"ಅಷ್ಟೇನಾ?"

ಅಜ್ಜಿ ಗಲ್ಲಾದ ಮೇಲೆ ಎರಡೂ ಕೈ ಊರಿದಳು. "ನಮ್ಮ ಮೇಜು ಹಾಗೇ ಇದೆ ಕಣಮ್ಮ. ಅದರ ಹಿಂದೆ ಮೇಣದ್ದೊಂದು ಹುಡುಗಿ ಕೂರಿಸಿದಾರೆ. ಕಣ್ಣು ಬರಿಯೋಳು ಅಂತೆ. ತುಟಿಗೆ ಬಣ್ಣ ಬೇರೆ. ನಮಗೆಲ್ಲಿತ್ತು ತುಟಿ ಬಣ್ಣ? ಕುಂಚಾನ ಸಾರಿನ ಸೌಟು ಹಿಡಿದ ಹಾಗೆ ಹಿಡಿದಿದಾಳೆ. ಕೋತಿ ಮೇಜಿನ ಮೇಲೆ ಬಿದ್ದಿದೆ, ಇವಳು ಕುಂಚ ತಿರುಗಿಸೋ ಹಾಗೆ ಕೂತಿದಾಳೆ. ಹಾಗೆ ಬರೆದ್ರೆ ಮೆಳ್ಳೆಗಣ್ಣಾಗತ್ತೆ. ಕುಂಚ ಅಲ್ಲಾಡಬಾರ್ದು, ಎಡಗೈಯಲ್ಲಿ ಕೋತೀನ ತಿರುಗಿಸ್ಬೇಕು. ಏಳು ವರ್ಷದಿಂದ ಲೋಕ ಎಲ್ಲ ಬಂದು ಇದನ್ನ ನೋಡಿ ಬಾಯಿ ಬಿಟ್ಕೊಂಡು ಹೋಗಿದೆ."

"ಸುಮ್ನೆ ಬಂದ್ರಾ?"

"ಹಗ್ಗ ಕಟ್ಟಿದ್ರು. ಕೋತೀನ ಅವಳ ಎಡಗೈಗೆ ಕೊಡೋಕೆ ದಾಟಿದೆ."

ತೊಕಿಯೆಯ ಕೈಯಲ್ಲಿದ್ದ ಪೊಟ್ಟಣ ಅಲ್ಲೇ ನಿಂತಿತು.

"ಕಾವಲಿನೋನು ಓಡಿ ಬಂದ. ಅಜ್ಜಿ, ದಯವಿಟ್ಟು ಈಚೆ ಬನ್ನಿ, ಹಿಂದೆ ತುಂಬ ಜನ ಕಾಯ್ತಿದಾರೆ ಅಂದ. ತಿರುಗಿ ನೋಡ್ದೆ, ಹೌದು, ಬೀದಿಯಷ್ಟು ಜನ." ಅಜ್ಜಿ ಮೂಗು ಒರೆಸಿಕೊಂಡಳು. "ಕಾಯ್ಲಿ ಅಂದೆ."