ಪೇಂಟರ್ ಮಲಕಾಜಪ್ಪನ ಗ್ಯಾನಿಮೀಡ್

ಬಬಲೇಶ್ವರದ ಪೇಂಟರ್ ಮಲಕಾಜಪ್ಪ ಒಮ್ಮೆ ಬರೆದದ್ದನ್ನು ಎಂದೂ ತಿದ್ದಿದವನಲ್ಲ. ತಪ್ಪಿಲ್ಲವೆಂದು ಖಾತ್ರಿಯಾದ ಮೇಲೆಯೇ ಕೆಳಗೆ ತನ್ನ ಹೆಸರು ಬರೆಯುತ್ತಾನೆ. ಶಾಲೆಯ ಗೋಡೆಗೆ ಗುರುಗ್ರಹದ ಚಂದ್ರ ಗ್ಯಾನಿಮೀಡನ್ನು ಬರೆಯಲು ಗೀತಾಂಜಲಿ ಟೀಚರ್ ಎರಡು ಚಿತ್ರ ಕೊಟ್ಟರು. ಎರಡರಲ್ಲಿ ಧ್ರುವಪ್ರಭೆಯ, ಅಂದರೆ ಧ್ರುವಗಳ ಸುತ್ತ ಹೊಳೆಯುವ ಬೆಳಕಿನ, ಪಟ್ಟಿ ಒಂದೇ ಕಡೆ ಇರಲಿಲ್ಲ.

“ಅಕ್ಕಾರ, ಇದರಾಗ ಖರೇದು ಯಾವುದ್ರಿ?”

“ಎರಡೂ ಖರೇನ. ಗುರುಗ್ರಹದ ಕಾಂತದ ಸೆಳೆತ ಬದಲಾದಂಗ ಆ ಬೆಳಕು ತಾಸು ತಾಸಿಗೆ ಸರೀತೈತಿ.”

“ಯಪ್ಪಾ! ಹಂಗಾರ ನಾ ಹೆಸರು ಹಾಕೂದು ಹೆಂಗ್ರಿ?”

ಎರಡು ದಿನ ಅವನು ಕುಂಚ ಮುಟ್ಟಲಿಲ್ಲ. ಮೂರನೆಯ ದಿನ ಚಂದ್ರನನ್ನು ಎಣ್ಣೆಬಣ್ಣದಲ್ಲಿ ಬರೆದು, ಬೆಳಕಿನ ಜಾಗಕ್ಕೆ ಕರಿಹಲಗೆಯ ಬಣ್ಣ ಬಳಿದ. ಸಂತೆಯ ದರಪಟ್ಟಿಗೂ ಅವನದು ಇದೇ ರೂಢಿ: ಕಾಳಿನ ಹೆಸರಿಗೆ ಎಣ್ಣೆಬಣ್ಣ, ದಿನದ ದರಕ್ಕೆ ಸೀಮೆಸುಣ್ಣ.

ಟೀಚರ್ ಕೈಗೆ ಸೀಮೆಸುಣ್ಣ ಕೊಟ್ಟು, “ಬೆಳಕು ಸರಿದಂಗ ನೀವ ತಿದ್ಕೋರಿ. ನನ್ನ ಹೆಸರು ಮಾತ್ರ ಮುಟ್ಟಬ್ಯಾಡ್ರಿ,” ಎಂದ.