ಅತ್ತೆಯ ಕೊರಳ ಗಂಟು

ನಮ್ಮ ಅತ್ತೆಯ ನೆತ್ತಿಯ ಮೇಲೆ ಅಂಗೈಯಗಲ ಜಾಗದಲ್ಲಿ ಕೂದಲಿರಲಿಲ್ಲ. ಶಹಾಬಾದಿನ ಖಣಿಯಿಂದ ಫರ್ಸಿಕಲ್ಲು ಹೊತ್ತು ಹೊತ್ತು, ಸಿಂಬಿ ಇಡುವ ಜಾಗ ಸವೆದು ನುಣ್ಣಗಾಗಿತ್ತು. ಕೊರಳು ಗಿಡ್ಡ, ದಪ್ಪ. ಆ ಕೊರಳಿಗೆ ಒಂದು ತುಳಸಿ ಮಾಲೆ. ಬೇರೆಯವರ ಮಾಲೆ ಎದೆಯ ಮೇಲೆ ಜೋತಾಡಿದರೆ ಇವರದು ಕೊರಳಿಗೆ ಅಂಟಿಕೊಂಡೇ ಇರುತ್ತಿತ್ತು. ತಲೆಯ ಮೇಲಿಂದ ತೆಗೆಯಲು ಬರುತ್ತಿರಲಿಲ್ಲ. ದಾರದ ಗಂಟು ಹಿಂದೆ, ತುರುಬಿನ ಕೆಳಗೆ. ಅವರ ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ, ಹಿಂದೊಮ್ಮೆ ಕಲ್ಲು ಜಾರಿ ಹೆಗಲ ಮೇಲೆ ಬಿದ್ದಿತ್ತು. ಎಡಗೈ ಒಂದರಿಂದಲೇ ಆ ಗಂಟು ಬಿಚ್ಚಲು ಅವರಿಗೆ ಬರುತ್ತಿರಲಿಲ್ಲ. ಅದನ್ನು ಹಾಕಿದವಳು ನಾನು.

ನಾನು ಚಿತ್ತಾಪುರದವಳು, ಕನ್ನಡ ಶಾಲೆಯ ಮಾಸ್ತರರ ಮಗಳು. ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದಾಗ ಮದುವೆಯಾಗಿ ಶಹಾಬಾದಿಗೆ ಬಂದೆ. ಏಳನೆಯ ಇಯತ್ತೆ ಪಾಸಾದ ಸೊಕ್ಕು ಬೇರೆ ಇತ್ತು. ಹುಡುಗನಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ, ಮನೆಯಲ್ಲಿ ತಾಯಿ ಮಗ ಇಬ್ಬರೇ, ನಾದಿನಿಯರ ಕಾಟ ಇಲ್ಲ ಎಂದು ನಮ್ಮವ್ವ ಹಿಗ್ಗಿದ್ದಳು. ತಾಯಿ ಕುಡಿಯುತ್ತಾಳೆಂದು ಮಾತ್ರ ಯಾರೂ ಹೇಳಿರಲಿಲ್ಲ.

ದಿನಾ ಸಂಜೆ ಖಣಿ ಕೆಲಸ ಬಿಟ್ಟ ಮೇಲೆ ಅತ್ತೆ ಸೇಂದಿ ಅಂಗಡಿಗೆ ಹೋಗುತ್ತಿದ್ದರು. ಆಮೇಲೆ ಓಣಿಯ ಗೋಡೆ ಹಿಡಿದುಕೊಂಡು ಮನೆಗೆ ಬಂದು, ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ತಮ್ಮಷ್ಟಕ್ಕೆ ತಾವೇ ಮಾತಾಡುವರು. ಯಾರಿಗೂ ಬೈದವರಲ್ಲ, ಜಗಳ ತೆಗೆದವರಲ್ಲ. ಹೋಗಿ ಬರುವವರನ್ನು ಕರೆದು ನಗಿಸುವರು. ಬೈಯುವ ಅತ್ತೆ ಸಿಕ್ಕಿದ್ದರೆ ತವರಿಗೆ ಹೋಗಿ ಹೇಳಿಕೊಂಡು ಅಳಬಹುದಿತ್ತು. ಕುಡಿಯುವ ಅತ್ತೆಯ ಸುದ್ದಿಯನ್ನು ಯಾರ ಮುಂದೆ ಹೇಳುವುದು? ನಾನು ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಕೂಡುತ್ತಿದ್ದೆ.

ಮದುವೆಯಾದ ಮೇಲೆ ಮೊದಲ ಸಲ ನಮ್ಮಪ್ಪ ನನ್ನನ್ನು ನೋಡಲು ಬಂದದ್ದು ಸಂಜೆಯ ಹೊತ್ತು. ಬೀಗರಿಗೆ ನಾನೇ ನೀರು ಕೊಡುತ್ತೇನೆಂದು ಅತ್ತೆ ಹಟ ಹಿಡಿದು ತಂಬಿಗೆ ತಂದರು. ಅಪ್ಪನ ಕಾಲ ಮೇಲೂ ಧೋತರದ ಮೇಲೂ ನೀರು ಚೆಲ್ಲಿತು. "ತಪ್ಪಾತ್ರಿ ಮಾಸ್ತರ, ನೆಲಾನೇ ಹೊಯ್ದಾಡ್ಲಿಕತ್ತದ," ಎಂದು ನಕ್ಕರು. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಹೊರಡುವಾಗ, "ಹುಷಾರಿಂದ ಇರವ್ವ," ಎಂದಷ್ಟೇ ಹೇಳಿದರು. ಆ ದಿನದ ನಾಚಿಕೆಗೆ ನಾನು ಅತ್ತೆಯೊಡನೆ ಎಷ್ಟೋ ದಿನ ಮಾತಾಡಲಿಲ್ಲ.

ನಮ್ಮವರಿಗೆ ಹೇಳಿದರೆ ಅವರದು ಒಂದೇ ಮಾತು. "ಅಪ್ಪ ಸತ್ತಾಗ ನಾ ತೊಟ್ಟಿಲದಾಗಿದ್ದೆ. ಅಕಿ ಕಲ್ಲು ಹೊತ್ತು ನನ್ನ ಸಾಕ್ಯಾಳ. ಮೈ ನೋಯ್ತದಂತ ಖಣಿ ಮಂದಿ ಎಲ್ಲಾರೂ ಕುಡೀತಾರ. ನಾ ಹ್ಯಾಂಗ ಬ್ಯಾಡ ಅನ್ಲಿ?"

ಹೆಣ್ಣು ಮಗು ಹುಟ್ಟಿತು. ಬಾಣಂತನ ಮುಗಿಸಿ ಬಂದ ಸೊಸೆ ಹೊಸ್ತಿಲು ದಾಟುವ ಮೊದಲು ಕೂಸನ್ನು ಅತ್ತೆಯ ಉಡಿಗೆ ಹಾಕಬೇಕು. ಅತ್ತೆ ಅದನ್ನು ಎತ್ತಿಕೊಂಡು ಹೋಗಿ ದೇವರ ಮುಂದೆ ಮಲಗಿಸಬೇಕು. ನಮ್ಮ ಮನೆಯ ಪದ್ಧತಿ ಅದು. ನಾನು ಬಂದಾಗ ಓಣಿಯ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಅತ್ತೆ ಇಳಕಲ್ ಸೀರೆ ಉಟ್ಟು ಸೆರಗು ಒಡ್ಡಿಕೊಂಡು ಮುಂದೆ ಬಂದರು. ವಾಸನೆ ಬಂತು. ಮೊಮ್ಮಗಳು ಬರುವ ಖುಷಿಗೆ ಹಗಲೇ ಹೋಗಿ ಬಂದಿದ್ದರು. ನಾನು ಕೂಸನ್ನು ಎದೆಗವಚಿಕೊಂಡು ಹಿಂದೆ ಸರಿದೆ.

ಅತ್ತೆ ತಮ್ಮ ಕೈ ನೋಡಿಕೊಂಡರು. ಕಲ್ಲಿನ ಧೂಳಿಗೆ ನಾನು ಹೇಸಿದೆನೆಂದು ತಿಳಿದರು. ಬಚ್ಚಲಿಗೆ ಹೋಗಿ ತಿಕ್ಕಿ ತಿಕ್ಕಿ ಕೈ ತೊಳೆದು, ಒರೆಸಿಕೊಂಡು ಬಂದು ಮತ್ತೆ ಉಡಿ ಒಡ್ಡಿದರು.

"ಕೈ ಅಲ್ಲರಿ ಅತ್ತಿ, ಬಾಯಿ," ಎಂದೆ ನಾನು. "ಕುಡಿಯೋದು ಬಿಡೂತನಕ ನನ್ನ ಕೂಸಿನ ಮುಟ್ಟಬ್ಯಾಡ್ರಿ."

ಎಲ್ಲರೆದುರಿಗೆ ಅಂದೆ. ಆರತಿ ಹಿಡಿದವಳಿಗೆ ಎತ್ತ ನೋಡಬೇಕೋ ತಿಳಿಯಲಿಲ್ಲ. ಅತ್ತೆ ಒಡ್ಡಿದ ಸೆರಗನ್ನು ಮೆಲ್ಲಗೆ ಹೆಗಲಿಗೆ ಹಾಕಿಕೊಂಡು ದಾರಿ ಬಿಟ್ಟು ನಿಂತರು.

ಆ ವರ್ಷದ ಆಷಾಢದಲ್ಲಿ ಓಣಿಯ ಭಜನೆಯವರ ಜೊತೆ ಅತ್ತೆ ಪಂಢರಪುರಕ್ಕೆ ಹೋದರು. ಬರುವಾಗ ಕೊರಳಲ್ಲಿ ತುಳಸಿ ಮಾಲೆ ಇತ್ತು. ಮಾಲೆ ಹಾಕಿಕೊಂಡವರು ಕುಡಿಯುವಂತಿಲ್ಲ, ಮಾಂಸ ತಿನ್ನುವಂತಿಲ್ಲ. ನಮ್ಮ ಕಡೆ ಕುಡುಕ ಗಂಡಂದಿರನ್ನು ಹೆಂಡತಿಯರು ಎಳೆದುಕೊಂಡು ಹೋಗಿ ಮಾಲೆ ಹಾಕಿಸುವುದುಂಟು. ಒಬ್ಬ ಹೆಂಗಸು, ಅದೂ ಅತ್ತೆ, ತಾನಾಗಿ ಹೋಗಿ ಹಾಕಿಸಿಕೊಂಡದ್ದು ಓಣಿಗೆ ಹೊಸದು. ನನ್ನ ಮನಸ್ಸೂ ಮೆತ್ತಗಾಯಿತು. ಬರುವ ಏಕಾದಶಿಗೆ ಕೂಸನ್ನು ಉಡಿಗೆ ಹಾಕೋಣವೆಂದು ನಮ್ಮವರಿಗೆ ಹೇಳಿದೆ.

ಏಕಾದಶಿಗೆ ಮೊದಲೇ ಒಂದು ಸಂಜೆ ಅಡುಗೆಮನೆಯ ಗೂಟದಲ್ಲಿ, ಜರಡಿಯ ಪಕ್ಕ, ಆ ಮಾಲೆ ತೂಗುತ್ತಿತ್ತು. ಸ್ನಾನಕ್ಕೆ ತೆಗೆದಿಟ್ಟು ಮರೆತಿದ್ದಾರೆಂದುಕೊಂಡೆ. ಹೊತ್ತು ಮುಳುಗಿದ ಮೇಲೆ ಅತ್ತೆ ಬಂದರು, ಗೋಡೆ ಹಿಡಿದುಕೊಂಡೇ. ಬಾಯಿ ಮುಕ್ಕಳಿಸಿ, ಮಾಲೆಯನ್ನು ಎಡಗೈಯಿಂದ ತೆಗೆದು ಕಣ್ಣಿಗೊತ್ತಿಕೊಂಡು, ತಲೆಯ ಮೇಲಿಂದ ಹಾಕಿಕೊಂಡರು. ನಾನು ಒಲೆಯ ಮುಂದಿದ್ದೆ.

"ದೇವರ ಕಣ್ಣಾಗ ಮಣ್ಣು ಹಾಕ್ತೀರೇನ್ರಿ ಅತ್ತಿ? ಇದಕ್ಕ ಪಂಢರಪುರತನ ಹೋಗಬೇಕಿತ್ತಾ?"

ಅತ್ತೆ ಸಿಕ್ಕಿಬಿದ್ದವರ ಹಾಗೆ ನಿಂತರು. ಆಮೇಲೆ ಹೇಳಿದರು: "ಅಂವನ ಮುಂದ ಕುಡ್ಯಾಕ ಆಗಲಿಲ್ಲವ್ವಾ. ನಾಚಿಕಿ ಬಂತು. ಅದಕ್ಕ ಅಂವನ್ನ ಮನ್ಯಾಗ ಬಿಟ್ಟು ಹೋದೆ."

ಆಗ ನನಗೆ ಅದು ಕುಡುಕರ ಜಾಣತನ ಎನಿಸಿತು. ಅತ್ತೆಗೆ ಅದು ಪೂರಾ ಖರೆ ಇತ್ತು. ವಿಠ್ಠಲ ಅವರ ಪಾಲಿಗೆ ಪಟದಲ್ಲಿರುವ ದೇವರಾಗಿರದೆ ಮನೆಗೆ ಬಂದ ಹಿರಿಯನಾಗಿದ್ದ.

ಮಾರನೆಯ ದಿನ ತಲೆ ಬಾಚಿಸಿಕೊಳ್ಳಲು ಕುಳಿತಾಗ ಅತ್ತೆ ಮಾಲೆಯನ್ನು ನನ್ನ ಕೈಗೆ ಕೊಟ್ಟರು. "ದಾರ ಗಿಡ್ಡ ಮಾಡು. ತಲಿ ಮ್ಯಾಲಿಂದ ಬರಬಾರ್ದು, ಹಂಗ ಕಟ್ಟು. ಹಿಂದ ಗಂಟು ಹಾಕು. ನನ್ನ ಬಲಗೈ ಅಲ್ಲಿಗಿ ಹೋಗಂಗಿಲ್ಲ, ಒಂದ ಕೈಲೆ ಬಿಚ್ಚಾಕ ಬರಂಗಿಲ್ಲ. ಬಿಚ್ಚಬೇಕಂದ್ರ ನಿನ್ನೇ ಕೇಳಬೇಕಾಗ್ತದ." ಕೊರಳು ಬಗ್ಗಿಸಿ, "ನಿನ್ನ ಕೇಳಾಕ ನಂಗ ಭಾಳ ನಾಚಿಕಿ ಆಗ್ತದ," ಎಂದರು.

ಕಟ್ಟಿದೆ. ನನ್ನ ಕೈಗೆ ಅಧಿಕಾರ ಬಂದಂತಾಯಿತು ಎಂದು ಹೇಳದಿದ್ದರೆ ಸುಳ್ಳಾದೀತು.

ಆ ದಿನಗಳು ಕೆಟ್ಟವು. ಅತ್ತೆಯ ಕೈ ನಡುಗಿ ರೊಟ್ಟಿ ತುಂಡು ಬಾಯಿಗೆ ಹೋಗುತ್ತಿರಲಿಲ್ಲ. ಮೈಯೆಲ್ಲ ಬೆವರು. ಸಂಜೆಯಾದರೆ ವಿಠ್ಠಲನ ಪಟದ ಮುಂದೆ ಹೋಗಿ ಕೂತು, "ಏನಪಾ, ಇವತ್ತ ಹ್ಯಾಂಗ ಮಾಡೂಣು?" ಎಂದು ಕೇಳುವರು. ಭಜನೆ ಬರುತ್ತಿರಲಿಲ್ಲ, ಮಂತ್ರ ಬರುತ್ತಿರಲಿಲ್ಲ. ಅವನ ಜೊತೆ ಬರೀ ಮಾತು. ನಾನು ಒಳಗೊಳಗೇ ನಗುತ್ತಿದ್ದೆ.

ಒಂದು ಸಂಜೆ ನನಗೆ ಬೆನ್ನು ಮಾಡಿ ಕುಳಿತು, "ಇವತ್ತೊಂದಿನ ಬಿಚ್ಚವ್ವಾ," ಎಂದರು. ಬೇಡವೆಂದೆ. ಮತ್ತೆ ಕೇಳಿದರು. ಅತ್ತರು. ಪಕ್ಕದ ಮನೆಯವರು ಬಾಗಿಲಿಗೆ ಬಂದು ಇಣುಕಿದರು. ನನಗೆ ರೇಗಿಹೋಯಿತು. ಗಂಟು ಬಿಚ್ಚಿ ಮಾಲೆಯನ್ನು ಅವರ ಮುಂದೆ ಎಸೆದು, "ಹೋಗ್ರಿ, ಕುಡಿದು ಸಾಯ್ರಿ," ಎಂದೆ. ಹೆದರಿ ಕೂತಾರು ಎಂದುಕೊಂಡಿದ್ದೆ. ಅತ್ತೆ ಮಾಲೆ ಎತ್ತಿ ಗೂಟಕ್ಕೆ ಹಾಕಿ, ಸೆರಗು ಸರಿಮಾಡಿಕೊಂಡು ಹೊರಗೆ ನಡೆದರು.

ಬೆಳಿಗ್ಗೆ ನೋಡಿದರೆ ಕಟ್ಟೆಯ ಮೇಲೆ ಮುದುಡಿಕೊಂಡು ಮಲಗಿದ್ದರು, ಒಳಗೆ ಬಂದಿರಲಿಲ್ಲ. ಎದ್ದು ಮುಖ ತೊಳೆದು, ಮಾಲೆ ಹಿಡಿದುಕೊಂಡು ಬಂದು, ನನಗೆ ಬೆನ್ನು ಮಾಡಿ ಕುಳಿತರು.

"ಕಟ್ಟು."

"ಯಾಕ? ನಾಳಿ ಮತ್ತ ಬಿಚ್ಚಾಕೇನು?"

ಅತ್ತೆ ತಿರುಗಿ ನೋಡಲಿಲ್ಲ. ಪಟದ ಕಡೆಗೆ ಮುಖ ಮಾಡಿಕೊಂಡೇ ಹೇಳಿದರು: "ಅಂವ ಇಟ್ಟಂಗಿ ಮ್ಯಾಲ ನಿಂತಾನ, ನೋಡೀದೇನು? ಭಕ್ತರು ಬರೂತನ ಕುಂದ್ರಂಗಿಲ್ಲಂತ. ಭಜನಿ ಹೇಳಿಕೊಡೋ ಬುವಾ ಹೇಳ್ಯಾರ. ನಾ ದಿನಾ ಖಣಿಯಾಗ ನಿಂತಾಕಿ. ನಿಂತು ನಿಂತು ಮೀನಗಂಡ ಹ್ಯಾಂಗ ಹಿಡೀತಾವ ನಂಗ ಗೊತ್ತದ. ನನ್ನ ಸಲವಾಗಿ ಅಂವನ್ನ ಇನ್ನಾ ಎಷ್ಟ ನಿಂದ್ರಸಲಿ? ಅಂವನ ಕಾಲು ನೋಯ್ತಾವ. ಕಟ್ಟು."

ನಾನು ಓದಿದವಳು. ದೇವರು ಶಿಕ್ಷೆ ಕೊಡುತ್ತಾನೆ, ವರ ಕೊಡುತ್ತಾನೆ ಎಂದು ಓದಿದ್ದೆ. ದೇವರ ಮೀನಖಂಡ ಹಿಡಿದೀತೆಂದು ಯಾರೂ ಕಲಿಸಿರಲಿಲ್ಲ. ಮಾಲೆ ತೆಗೆದುಕೊಂಡು ಕಟ್ಟಿದೆ.

ಅಂದಿನಿಂದ ಒಂದು ಹನಿಯನ್ನೂ ಮುಟ್ಟಲಿಲ್ಲವೆಂದು ಬರೆದರೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಇನ್ನೂ ಕೆಲವು ಸಲ ಬೆನ್ನು ಮಾಡಿ ಕುಳಿತರು. ಬಿಚ್ಚು ಎಂದಾಗ ಬಿಚ್ಚಿದೆ, ಬೆಳಿಗ್ಗೆ ಕಟ್ಟು ಎಂದಾಗ ಕಟ್ಟಿದೆ. ಎಸೆಯುವುದನ್ನು ಬಿಟ್ಟಿದ್ದೆ, ಅಷ್ಟೇ. ಬರಬರುತ್ತಾ ಕೇಳುವುದು ಕಡಿಮೆಯಾಯಿತು. ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ. ಒಂದು ದಿನ ತಲೆ ಬಾಚುವಾಗ ದಾರ ಕಪ್ಪಾಗಿ ಜೀರ್ಣವಾದದ್ದು ಕಂಡು ಬದಲಿಸಲು ಹೋದೆ. ಗಂಟು ಬಿಚ್ಚಲು ಬರಲೇ ಇಲ್ಲ, ಎಣ್ಣೆ ಬೆವರು ಕುಡಿದು ಗಟ್ಟಿಯಾಗಿತ್ತು. ಕತ್ತರಿ ತರಬೇಕಾಯಿತು. "ಎಷ್ಟ ದಿನ ಆತು ಬಿಚ್ಚಿ?" ಎಂದು ಅತ್ತೆಯೇ ಆಶ್ಚರ್ಯಪಟ್ಟರು.

ಇಷ್ಟಾದರೂ ಕೂಸನ್ನು ನಾನು ಉಡಿಗೆ ಹಾಕಿರಲಿಲ್ಲ. ಅವರು ಒಮ್ಮೆಯೂ ಕೇಳಲಿಲ್ಲ. ತೊಟ್ಟಿಲ ಹತ್ತಿರ ಬಂದು, ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ ನೋಡಿ ಹೋಗುವರು. ಕೊಡು ಎಂದು ನಮ್ಮವರು ಹೇಳಿದರೆ, "ಇನ್ನೊಂದಿಷ್ಟ ದಿನ ನೋಡೂಣು," ಎನ್ನುತ್ತಿದ್ದೆ. ನೋಡುವುದಕ್ಕೆ ನಾನು ಯಾರು ಎಂದು ಆಗ ಹೊಳೆಯಲಿಲ್ಲ. ಇನ್ನೊಬ್ಬರನ್ನು ಕಾಯಿಸುವುದರಲ್ಲಿ ಒಂದು ರುಚಿ ಇರುತ್ತದೆ, ಆ ರುಚಿ ನನಗೆ ಹತ್ತಿತ್ತು. ಅದಕ್ಕಿಂತ ಸೇಂದಿಯ ಚಟ ಮೇಲು. ಅದರ ವಾಸನೆ ನಾಲ್ಕು ಜನಕ್ಕಾದರೂ ಗೊತ್ತಾಗುತ್ತದೆ.

ಕೊನೆಗೆ ಆ ದಾರ ಬದಲಿಸಿದ ದಿನ, "ಬರ್ರಿ ಅತ್ತಿ, ಕುಂದ್ರಿ," ಎಂದು ಕರೆದು ಮಗುವನ್ನು ತಂದೆ. ಅತ್ತೆ ಬಚ್ಚಲಿಗೆ ಹೋಗಿ ಕೈ ತೊಳೆದು, ಒರೆಸಿಕೊಂಡು ಬಂದು ಹೊಸ್ತಿಲ ಬಳಿ ಕುಳಿತು ಉಡಿ ಒಡ್ಡಿದರು. ಮಗಳು ಆಗಲೇ ನಡೆಯುತ್ತಿದ್ದಳು. ಉಡಿಯಲ್ಲಿಟ್ಟ ಕೂಡಲೇ ಕೊಸರಿಕೊಂಡು ಇಳಿದು ಅಂಗಳಕ್ಕೆ ಓಡಿದಳು. ಮತ್ತೆ ಹಿಡಿದು ತಂದೆ, ಮತ್ತೆ ಓಡಿದಳು.

"ಬಿಡವ್ವಾ," ಎಂದರು ಅತ್ತೆ ನಗುತ್ತಾ. "ಇಕಿಗಿ ಕಾಲು ಬಂದಾವ. ಇನ್ನ ಉಡಿ ಯಾಕ ಬೇಕು?" ಖಾಲಿ ಸೆರಗನ್ನು ಹೆಗಲಿಗೆ ಹಾಕಿಕೊಂಡು ಎದ್ದು ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ನನಗೆ ಮುಂದೆ ಮಕ್ಕಳಾಗಲಿಲ್ಲ.

ಆಮೇಲೆ ಅಜ್ಜಿ ಮೊಮ್ಮಗಳನ್ನು ಬಿಟ್ಟು ಇರಲಿಲ್ಲ, ಮೊಮ್ಮಗಳು ಅಜ್ಜಿಯನ್ನು ಬಿಟ್ಟು ಇರಲಿಲ್ಲ. ಆದರೆ ಎಲ್ಲಿಂದ ಬಂದರೂ, ಮನೆಯಲ್ಲೇ ಇದ್ದರೂ, ಮಗುವನ್ನು ಮುಟ್ಟುವ ಮೊದಲು ಅತ್ತೆ ಕೈ ತೊಳೆಯುತ್ತಿದ್ದರು. "ಕೈ ಸ್ವಚ್ಛ ಅವರಿ ಅತ್ತಿ, ಬಿಡ್ರಿ," ಎಂದರೆ, "ಇರ್ಲಿ ಬಿಡು," ಎನ್ನುವರು. ಸೊಸೆ ಗಟ್ಟಿಗಿತ್ತಿ, ಅತ್ತೆಯ ಕುಡಿತ ಬಿಡಿಸಿದಳು ಎಂದು ಓಣಿಯವರು ನನ್ನನ್ನು ಹೊಗಳುವರು. ನಾನು ಅಲ್ಲವೆನ್ನದೆ ಕೇಳಿಸಿಕೊಂಡಿದ್ದೇನೆ. ನನಗೆ ದೇವರ ಮೇಲಿನ ಭಕ್ತಿ ಈಗಲೂ ಅಷ್ಟಕ್ಕಷ್ಟೇ. ಆದರೂ ಅವರನ್ನು ಉಳಿಸಿದ್ದು ಬೈಯದೆ ನಿಂತವನೇ ಹೊರತು, ಬೈದು ಬೈದು ಕಾಯಿಸಿದ ನಾನಲ್ಲ. ಇಷ್ಟನ್ನು ಬಲ್ಲೆ.

ಕಲ್ಲಿನ ಧೂಳು ಅತ್ತೆಯ ಎದೆಗೆ ಇಳಿದಿತ್ತು. ಕೊನೆಯ ದಿನಗಳಲ್ಲಿ ಕೆಮ್ಮು ನಿಲ್ಲುತ್ತಿರಲಿಲ್ಲ, ಕೊರಳು ಬಾತು ಮಾಲೆ ಚರ್ಮದೊಳಗೆ ಹೂತಿತ್ತು. "ಗಂಟು ಬಿಚ್ಚಲೇನ್ರಿ ಅತ್ತಿ? ಉಸರಾಡಾಕ ಹಗೂರ ಆಗ್ತದ," ಎಂದೆ. ಅತ್ತೆ ಕಣ್ಣು ತೆರೆದರು. "ಬ್ಯಾಡ. ಹೊಂಟ ಹೊತ್ತಿನ್ಯಾಗ ಬಿಚ್ಚಿದ್ರ, ಮತ್ತ ಕುಡ್ಯಾಕ ಹೊಂಟಾಳ ಮುದುಕಿ ಅಂತಾನ ಅಂವ." ಅಷ್ಟು ಹೇಳಲು ಎರಡು ಸಲ ಕೆಮ್ಮಿದರು. ಗಂಟಲಿಗೆ ಒತ್ತುತ್ತಿದ್ದ ಮಣಿಗಳನ್ನಷ್ಟೇ ಬದಿಗೆ ಸರಿಸಿ ಗಂಟು ಹಾಗೇ ಉಳಿಸಿದೆ. ಮಾಲೆಯೊಂದಿಗೇ ಮಣ್ಣಿಗೆ ಹೋದರು.

ಹೋದ ವರ್ಷ ಮಗಳು ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಆಸ್ಪತ್ರೆಯಿಂದ ಬಂದು ಹೊಸ್ತಿಲಲ್ಲಿ ನಿಂತು, "ಹಿಡಿಯವ್ವಾ," ಎಂದು ಕೂಸನ್ನು ಮುಂದೆ ಮಾಡಿದಳು. ನಾನು ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡೆ. ಬಚ್ಚಲಿಗೆ ಹೋಗಿ ಕೈ ತೊಳೆದು, ಮತ್ತೊಮ್ಮೆ ತೊಳೆದು, ಒರೆಸಿಕೊಂಡು ಬಂದು ಉಡಿ ಒಡ್ಡಿದೆ. ಮಗಳು ನಕ್ಕಳು.

"ಥೇಟ್ ಅಜ್ಜಿಯಂಗೇ ಮಾಡ್ತಿ ನೋಡು. ಏನು ಮಡಿ ಇತ್ತವ್ವಾ ಅಕೀದು."

ಅಜ್ಜಿಗೆ ಮಡಿ ಹೆಚ್ಚು, ಅದಕ್ಕೇ ಕೈ ತೊಳೆಯುತ್ತಿದ್ದಳು ಎಂದೇ ಅವಳು ತಿಳಿದಿದ್ದಾಳೆ. ಕೂಸು ನನ್ನ ಉಡಿಗೆ ಬಂತು. ನಾನು ಹೂಂ ಎಂದೆ.